ಹನ್ನೊಂದು ಗುಂಟೆ

ಹಗಲು ನಾನು ಮಂಡ್ಯದ ಭೂಮಾಪನ ಕಚೇರಿಯಲ್ಲಿ
ಕಲ್ಲು ಹುಡುಕುವವಳು. ಬಾಂದುಕಲ್ಲು.
ಕಬ್ಬಿನ ಬುಡದಲ್ಲಿ, ನಾಲೆ ಏರಿಯ ಹುಲ್ಲಲ್ಲಿ, ಒಮ್ಮೆ
ಯಾರದೋ ಬಚ್ಚಲಲ್ಲಿ. ಬಟ್ಟೆ ಒಗೆಯುತ್ತಿದ್ದರು ಅದರ ಮೇಲೆ.
ರಾತ್ರಿ, ರದ್ದಾದ ಜೆರಾಕ್ಸು ಹಾಳೆಗಳ ಬೆನ್ನಿಗೆ
ಇಲ್ಲದ ಸೀಮೆಯೊಂದರ ನಕ್ಷೆ ಬರೆಯುತ್ತೇನೆ,
ಭಾನುವಾರದ ಆಟಕ್ಕೆ.

ಮಾಟ ತಾಗಿದ ನೆಲ ಬರೆಯುವುದು ಸುಲಭ ಅಂದುಕೊಂಡಿದ್ದೆ.
ಮೊದಮೊದಲು ಎಲ್ಲವನ್ನೂ ನೀಲಿ ಮಾಡಿದೆ: ನೀಲಿ ಮರ, ನೀಲಿ ಬೆಂಕಿ,
ತೇಲುವ ಬಂಡೆ, ಮಾತಾಡುವ ನರಿ.
ಫಯಾಜ್ ಆಕಳಿಸಿದ.
"ಚೆನ್ನಾಗದೆ ಕಣಕ್ಕ," ಅಂದ ಬೋರಲಿಂಗು,
ಮದುವೆ ಛತ್ರದ ಸೀರಿಯಲ್ ಸೆಟ್ಟು ನೋಡಿ ಅಂದ ಹಾಗೆ.

ಆಮೇಲೆ ಕಲಿತೆ. ಒಂದೇ ಒಂದನ್ನು ತಿರುಚಬೇಕು,
ಉಳಿದದ್ದನ್ನು ಮುಟ್ಟಬಾರದು.
ಬೇವು ಬೇವೇ ಇರಲಿ, ಕಹಿಯೇ ಇರಲಿ,
ನೆರಳು ಮಾತ್ರ ಅರ್ಧ ಗಳಿಗೆ ಮೊದಲೇ ಸರಿಯಲಿ.
ಆ ನೆರಳು ನೋಡಿಯೇ ಊರವರು ಎಮ್ಮೆ ಕಟ್ಟಲಿ,
ಎಮ್ಮೆಗೆ ಅದು ಅಭ್ಯಾಸವಾಗಿರಲಿ.
ಅಭ್ಯಾಸವಾಗಿದೆ ಅನ್ನುವುದೇ ಹೆದರಿಕೆ.

ಹಾಗೆ ಹುಟ್ಟಿದ್ದು ಹಿಮ್ಮಡಿಹಳ್ಳಿ. ಅಲ್ಲಿ
ನಡೆಯುವವರ ಹೆಜ್ಜೆಗುರುತು ಮುಂದೆ ಮೂಡುತ್ತದೆ;
ಎಲ್ಲಿಗೆ ನಿಂತಿದೆ ಎಂದು ನೋಡದೆ ನಡೆಯುವುದು ಅಲ್ಲಿನ ಮರ್ಯಾದೆ.
ಹಾಗೆ ಹುಟ್ಟಿದ್ದು ಉಪ್ಪುನಾಲೆ: ನೀರು ಹರಿಯುವುದಿಲ್ಲ,
ದಡ ಹರಿಯುತ್ತದೆ.
ತೂಬಿನವನು ದಿನಾ ಬೆಳಿಗ್ಗೆ ತನ್ನ ಮನೆ ಹುಡುಕಿಕೊಂಡು ಹೋಗುತ್ತಾನೆ,
ಕೈಯಲ್ಲಿ ಬೀಗದಕೈ, ಬೈಯುತ್ತಾ.
ಎಲ್ಲಕ್ಕೂ ಚಕ್ಕುಬಂದಿ ಬರೆದೆ, ಕಸುಬು ಬಿಡುವುದೇ:
ಪೂರ್ವಕ್ಕೆ ಮರೆವು, ಪಶ್ಚಿಮಕ್ಕೆ ಸರ್ಕಾರಿ ಹಳ್ಳ.

ಈ ಮಂಗಳವಾರ, ಪಾಂಡವಪುರದ ದಾರಿಯಲ್ಲಿ,
ಹುಣಸೆಮರಕ್ಕೆ ಒಂದು ಊರಿನ ಪುಸ್ತಕ ಮುಗಿಯಿತು,
ಹೊಂಗೆಮರದಿಂದ ಇನ್ನೊಂದು ಊರಿನದು ಶುರು.
ನಡುವೆ ಹನ್ನೊಂದು ಗುಂಟೆ.
ಯಾವ ಪುಸ್ತಕದಲ್ಲೂ ಇಲ್ಲ.
ಮೂರು ಸಲ ಸರಪಳಿ ಎಳೆಸಿದೆ.
"ಐತೆ ಬುಡಿ ಮೇಡಂ," ಅಂದ ಸರಪಳಿ ಹಿಡಿದ ನಿಂಗಯ್ಯ,
"ನಮ್ ಕಾಲ್ ಕೆಳಗೇ ಐತಲ್ಲ."
ಮೇಕೆಯೊಂದು ಮೇಯುತ್ತಿತ್ತು.
ದಾರಿಯುದ್ದಕ್ಕೂ ಮೂಗಿಗೆ ಅಂಟಿದ್ದ ಕಾಕಂಬಿ ವಾಸನೆ
ಅಲ್ಲಿ ಮಾತ್ರ ಇರಲಿಲ್ಲ,
ಅಥವಾ ನಾನೇ ಹಾಗಂದುಕೊಂಡೆ.

ಭಾನುವಾರ, ಗುತ್ತಲು ರಸ್ತೆ, ಜೆರಾಕ್ಸ್ ಅಂಗಡಿಯ ಮಹಡಿ.
ಕಡಲೆಪುರಿ ಸುರಿದ ಪೇಪರು, ಅದರ ಪಕ್ಕ ಇಪ್ಪತ್ತು ಮುಖದ ದಾಳ.
ಅದನ್ನೇ ಇಟ್ಟೆ ಅವರ ಮುಂದೆ. ಬಣ್ಣ ಹಚ್ಚಲಿಲ್ಲ, ಹೆಸರಿಡಲಿಲ್ಲ.
"ಹುಣಸೆ ದಾಟಿದಿರಿ. ಹೊಂಗೆ ಇನ್ನೂ ಬಂದಿಲ್ಲ."
ಸುಮ್ಮನಾದೆ.

ಫಯಾಜ್ ಕತ್ತಿ ಹಿರಿಯಲಿಲ್ಲ.
ತೇಜಾವತಿ ಮಂತ್ರದ ಪುಟ ಮಗುಚಿದಳು, ಮತ್ತೆ ಮಗುಚಿದಳು.
ಬೋರಲಿಂಗು
(ವಾರವೆಲ್ಲ ಆಲೆಮನೆಯಲ್ಲಿ ಬೆಲ್ಲದ ಅಚ್ಚು ಹಾಕುವವನು,
ಆಟದಲ್ಲಿ ಸದಾ ಕಳ್ಳ, ಸಿಕ್ಕಿದ್ದೆಲ್ಲ ಚೀಲಕ್ಕೆ)
ಕೇಳಿದ: "ಇಲ್ಲಿ ಯಾರ್ದು ಅಂತ ಇಲ್ವಾ, ಯಾವ್ದೂ?"
ಇಲ್ಲ, ಅಂದೆ.
"ಹಂಗಾರೆ ಕದಿಯಕ್ಕೇ ಆಗಲ್ಲ ಕಣಕ್ಕ."
ದಾಳ ಎತ್ತಿದ, ಉರುಳಿಸಲಿಲ್ಲ.
"ನನ್ ಕಳ್ಳ ಚೀಲ ಇಳಿಸಿ ಕೂತ್ಕಂಡ."
ಎಷ್ಟು ಹೊತ್ತು?
"ಗೊತ್ತಿಲ್ಲ. ನೀವು ಆಡ್ತಿರಿ."

ನನ್ನ ಕೋಷ್ಟಕದಲ್ಲಿ ಅದಕ್ಕೆ ಸಾಲಿರಲಿಲ್ಲ.

ಸೋಮವಾರ ಷರಾ ಕಾಲಂ ಖಾಲಿ.
ಖರಾಬು ಎಂದು ಬರೆದರೆ ಮುಗಿಯಿತು, ಮೂರಕ್ಷರ.
ಸಾಹೇಬರು ಎರಡು ಸಲ ಕೇಳಿಕಳಿಸಿದರು.
ಪೆನ್ನು ಕೊಡವಿದೆ. ಮಸಿ ಇತ್ತು.
ಮರು ಅಳತೆಗೆ ಇಟ್ಟಿದೆ ಎಂದು ಬರೆದೆ, ಸಹಿ, ದಿನಾಂಕ.

ಸ್ವಾಧೀನದಾರರ ಕಾಲಮ್ಮಿಗೆ ಬಂದು ಕೈ ನಿಂತಿತು.
ಒಬ್ಬ ಕೂತಿದ್ದಾನಲ್ಲ ಅಲ್ಲಿ, ಚೀಲ ಇಳಿಸಿ.
ಗೀಟು ಎಳೆದೆ,
ಪೆನ್ಸಿಲಿನಲ್ಲಿ.